ಅಂಟು ಬಿಡುವ ರೋಗ, ಅಂಟುರೋಗವಲ್ಲ

ಮುದ್ದೆಯನ್ನು ಅಗಿಯೋ ಹಾಗಿಲ್ಲ, ನುಂಗಬೇಕು. ಶಿಡ್ಲಘಟ್ಟದ ನಮ್ಮ ದೊಡ್ಡಮ್ಮನಿಗೆ ಅದೂ ಆಗದೆ ಮೂರು ತಿಂಗಳಾಗಿತ್ತು. ಬಾಯಿ ತುಂಬಾ ಹುಣ್ಣು. 'ಉಷ್ಣ ಕಣೋ' ಅಂತ ಮಜ್ಜಿಗೆ, ಎಳನೀರು, ಬಿ ಕಾಂಪ್ಲೆಕ್ಸ್ ಮಾತ್ರೆ ಎಲ್ಲಾ ಆಯಿತು. ಸಾಮಾನ್ಯ ಬಾಯಿ ಹುಣ್ಣು ಎರಡು ವಾರದಲ್ಲಿ ಮಾಯುತ್ತದೆ. ಮೂರು ವಾರ ದಾಟಿದರೆ ತೋರಿಸಲೇಬೇಕು. ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು.

'ಗುಳ್ಳೆ ಎದ್ದಿತ್ತಾ?' ಅಂತ ಡಾಕ್ಟರು ಕೇಳಿದರೆ ಇಲ್ಲ ಅಂದರು. ಎದ್ದಿತ್ತು, ಕಂಡಿರಲಿಲ್ಲ ಅಷ್ಟೆ. ಬಾಯೊಳಗೆ ಎದ್ದ ಗುಳ್ಳೆ ತುತ್ತು ತಾಗಿದರೂ ಒಡೆಯುತ್ತದೆ, ಉಳಿಯುವುದು ಹಸಿ ಗಾಯ. ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಈ ಕಾಯಿಲೆ ಎಷ್ಟೋ ಜನರಿಗೆ ಮೈಗಿಂತ ಮೊದಲು ಬಾಯಲ್ಲೇ ಕಾಣಿಸಿಕೊಳ್ಳುತ್ತದೆ.

ದೊಡ್ಡಮ್ಮ ರೇಷ್ಮೆ ನೂಲು ಬಿಚ್ಚಿದವರು, ವಿವರಿಸೋದು ಸುಲಭವಾಯಿತು. ಗೂಡಿನ ಎಳೆಗಳನ್ನು ಒಂದು ಅಂಟು ಹಿಡಿದಿರುತ್ತದೆ. ಬಿಸಿನೀರಿಗೆ ಹಾಕಿದರೆ ಅದು ಸಡಿಲಾಗಿ ಎಳೆ ಬಿಡುತ್ತದೆ. ನಮ್ಮ ಜೀವಕೋಶಗಳನ್ನು ಹಾಗೆ ಹಿಡಿದಿರುವುದು ಡೆಸ್ಮೊಗ್ಲೀನ್ ಎಂಬ ಪ್ರೋಟೀನ್. ರೋಗಾಣುಗಳ ಮೇಲೆ ಬೀಳಬೇಕಾದ ಪ್ರತಿಕಾಯಗಳು ಇದರ ಮೇಲೇ ಬೀಳುತ್ತವೆ. ಇಂಥ ಪ್ರತಿಕಾಯ ರೋಗಿಗಳ ರಕ್ತದಲ್ಲಿದೆ ಎಂದು 1964ರಲ್ಲಿ ಬ್ಯೂಟ್ನರ್, ಜೋರ್ಡನ್ ಎಂಬ ಸಂಶೋಧಕರು ತೋರಿಸಿದರು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸುಮ್ನೆ ಅವರ ಲೋಟ ಬೇರೆ ಇಟ್ಟಿದ್ದೆವು!

ಪೆಂಫಿಗಾಯ್ಡ್ ಇದರ ದಾಯಾದಿ. ಅಲ್ಲಿ ಬಾಯೊಳಗಿನ ಪೊರೆಯ ಮೇಲ್ಪದರವೇ ಬುಡದಿಂದ ಏಳುತ್ತದೆ. ವಸಡು ಸುಲಿಯುತ್ತದೆ, ಕಣ್ಣಿಗೂ ಕುತ್ತು ಬರಬಹುದು.

ಎಡವಟ್ಟಾಗಿದ್ದು ಬಯಾಪ್ಸಿಯಲ್ಲಿ. ಮೊದಲ ಕ್ಲಿನಿಕ್‌ನಲ್ಲಿ ಹುಣ್ಣಿನ ನಡುವಿನಿಂದಲೇ ಚೂರು ತೆಗೆದರು. ಅಲ್ಲಿ ಮೇಲ್ಪದರವೇ ಉಳಿದಿರುವುದಿಲ್ಲ, ನೋಡೋದೇನನ್ನು? 'ಬರೀ ಉರಿಯೂತ' ಅಂತ ರಿಪೋರ್ಟ್ ಬಂತು. ಎರಡನೇ ಸಲ ಹುಣ್ಣಿನ ಅಂಚಿನಿಂದ ಒಂದು ಚೂರು, ಪಕ್ಕದ ಚೆನ್ನಾಗಿರುವ ಜಾಗದಿಂದ ಇನ್ನೊಂದು. ಮೊದಲನೆಯದು ಫಾರ್ಮಲಿನ್ ದ್ರಾವಣಕ್ಕೆ. ಎರಡನೆಯದು ಫಾರ್ಮಲಿನ್‌ಗೆ ಬಿದ್ದರೆ ಕೆಟ್ಟಂತೆ, ಅದಕ್ಕೆ ಬೇರೆ ದ್ರಾವಣ. ಹೊಳೆಯುವ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳ ಸುತ್ತ ಅಂಟಿದ ಪ್ರತಿಕಾಯಗಳ ಹಸಿರು ಬಲೆ. ಪೆಂಫಿಗಾಯ್ಡ್ ಆಗಿದ್ದರೆ ಬಲೆಯಲ್ಲ, ಬುಡದಲ್ಲಿ ಒಂದೇ ಗೆರೆ.

1950ರ ದಶಕದಲ್ಲಿ ಸ್ಟೀರಾಯ್ಡ್ ಬರುವ ಮುಂಚೆ ಪೆಂಫಿಗಸ್ ಬಂದವರಲ್ಲಿ ಬಹುಪಾಲು ಜನ ಬದುಕುತ್ತಿರಲಿಲ್ಲ. ಈಗ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್‌ನಂಥ ಮಾತ್ರೆ, ಇಲ್ಲವೇ ರಿಟುಕ್ಸಿಮ್ಯಾಬ್ ಡ್ರಿಪ್. ಪ್ರತಿಕಾಯ ತಯಾರಿಸುವ ಕೋಶಗಳ ಮೂಲಕ್ಕೇ ಈ ಡ್ರಿಪ್ ಕೈ ಹಾಕುತ್ತದೆ. ಪೆಂಫಿಗಸ್‌ಗೆ ಇದನ್ನು ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತೆ, ಮೂಳೆ ಸವೆಯುತ್ತೆ. ಹಾಗಂತ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು.

ದೊಡ್ಡಮ್ಮನಿಗೆ ಈಗ ಮುದ್ದೆ ಇಳಿಯುತ್ತೆ. ಬಸ್ಸಾರು ಮಾತ್ರ ಒಗ್ಗರಣೆಗೆ ಮೊದಲೇ ಅವರ ಪಾಲಿಗೆ ಬೇರೆ ಪಾತ್ರೆಗೆ.