ಪಟ್ಟಿಗಿಂತ ಮೊದಲು ಜರಡಿ

ಎರಡು ಮಾತೃಕೆಗಳನ್ನು (ಸಂಖ್ಯೆಗಳ ಚೌಕ ಜೋಡಣೆಗಳು, ಮ್ಯಾಟ್ರಿಕ್ಸ್) ಬರೆದು ತಂದು, ‘ಇವನ್ನೂ ಇವುಗಳ ವಿಲೋಮಗಳನ್ನೂ ಗುಣಿಸುತ್ತ ಹೋದರೆ ಹುಟ್ಟುವ ಕೂಟ, ಅಂದರೆ ಗ್ರೂಪ್, ಪರಿಮಿತವೇ?’ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಮೊದಲು ಕರ್ಣದ ಮೊತ್ತ, ಅಂದರೆ ಟ್ರೇಸ್ ನೋಡುತ್ತೇನೆ. ಮೊದಲ ಸಾಲಿನಲ್ಲಿ 3/5, 4/5, ಎರಡನೆಯದರಲ್ಲಿ −4/5, 3/5 ಇರುವ ಮಾತೃಕೆಯನ್ನು ತೆಗೆದುಕೊಳ್ಳಿ. ನೋಡಲು ಬಲು ಸಾಧು. ನಿರ್ಧಾರಕ 1, ಯಾವ ಉದ್ದವನ್ನೂ ಕೆಡಿಸುವುದಿಲ್ಲ, ಐಗನ್ ಮೌಲ್ಯಗಳ (ಮಾತೃಕೆ ದಿಕ್ಕು ಬದಲಿಸದೆ ಬರೀ ಗುಣಿಸುವ ಸದಿಶಗಳ ಗುಣಕಗಳು; ಅವುಗಳ ಮೊತ್ತವೇ ಟ್ರೇಸ್) ಗಾತ್ರವೂ 1. ಆದರೂ ಇದನ್ನು ಇದರಿಂದಲೇ ಎಷ್ಟು ಸಲ ಗುಣಿಸಿದರೂ, ಏನನ್ನೂ ಬದಲಿಸದ ಐಡೆಂಟಿಟಿ ಮಾತೃಕೆ ಬರುವುದೇ ಇಲ್ಲ. ಪರಿಮಿತ ಗ್ರೂಪಿನಲ್ಲಿ ಐಗನ್ ಮೌಲ್ಯಗಳೆಲ್ಲ 1ರ ಮೂಲಗಳಾಗಿರಬೇಕು, ಅಂದರೆ ಯಾವುದಾದರೊಂದು ಘಾತಕ್ಕೇರಿಸಿದಾಗ 1 ಆಗಬೇಕು. ಅಂಥವುಗಳ ಮೊತ್ತ ಭಾಗಲಬ್ಧ ಸಂಖ್ಯೆಯಾದರೆ ಪೂರ್ಣಾಂಕವೇ ಆಗಿರಬೇಕು. ಇಲ್ಲಿ ಮೊತ್ತ 6/5. ಮುಂದೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಒಂದು ಮಾತೃಕೆಯ ವಿಚಾರಣೆ ಹೀಗೆ ಸುಲಭ. ಸಂಮಿಶ್ರ ಸಂಖ್ಯೆಗಳ ಮಾತೃಕೆಗಳಿಂದಾದ ಪರಿಮಿತ ಗ್ರೂಪುಗಳನ್ನೆಲ್ಲ ಪಟ್ಟಿ ಮಾಡಿ ಎಂದರೆ ಮಾತ್ರ ಕೈಚೆಲ್ಲಬೇಕಾಗುತ್ತದೆ. ಯಾವ ಪರಿಮಿತ ಗ್ರೂಪನ್ನಾದರೂ ಕ್ರಮಪಲ್ಲಟನೆಯ ಮಾತೃಕೆಗಳಾಗಿ ಬರೆಯಬಹುದಾದ್ದರಿಂದ ಎಲ್ಲವೂ ಎಲ್ಲೋ ಒಂದು ಗಾತ್ರದಲ್ಲಿ ಬಂದೇ ಬರುತ್ತವೆ. ಹಾಗಾಗಿ ಗಾತ್ರ n ಅನ್ನು ಮೊದಲೇ ನಿಗದಿ ಮಾಡಿ ಜರಡಿ ಹಿಡಿಯುತ್ತೇವೆ. ಮಾತೃಕೆಗಳು ಕೆಲಸ ಮಾಡುವ n ಆಯಾಮಗಳ ಆಕಾಶ, ಗ್ರೂಪ್ ಕದಲಿಸದ ಹೋಳುಗಳಾಗಿ ಒಡೆಯುವಂತಿದ್ದರೆ ಆ ಗ್ರೂಪನ್ನು ಸಣ್ಣ ಗಾತ್ರದ ಲೆಕ್ಕಕ್ಕೆ ತಳ್ಳುತ್ತೇವೆ. ಹೋಳುಗಳು ತಮ್ಮತಮ್ಮಲ್ಲೇ ಸ್ಥಳ ಬದಲಿಸಿಕೊಳ್ಳುತ್ತಿದ್ದರೆ ಅದನ್ನೂ ಬದಿಗಿಡುತ್ತೇವೆ. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸುವ ಮಾತೃಕೆಗಳು ಗ್ರೂಪನ್ನು ಸುಮ್ಮನೆ ಉಬ್ಬಿಸುತ್ತವೆ, ಅವನ್ನು ಎಣಿಸುವುದಿಲ್ಲ. ಕೊನೆಗೆ ಉಳಿಯುವವು ಪ್ರಿಮಿಟಿವ್ ಗ್ರೂಪುಗಳು.

ಪ್ರತಿ n ಗೂ ಇವು ಬೆರಳೆಣಿಕೆಯಷ್ಟೇ ಇರಲಿ, ಸಾವಿರಾರಿರಲಿ, ಅನಂತವಂತೂ ಅಲ್ಲ. ಇದಕ್ಕೆ ಫ್ರೆಂಚ್ ಗಣಿತಜ್ಞ ಜೋರ್ಡಾನ್‌ನ 1878ರ ಪ್ರಮೇಯವೇ ಆಧಾರ: n ಗಾತ್ರದ ಪ್ರತಿ ಪರಿಮಿತ ಗ್ರೂಪಿನೊಳಗೆ, ಯಾವ ಕ್ರಮದಲ್ಲಿ ಗುಣಿಸಿದರೂ ಫಲ ಬದಲಾಗದ ಸದಸ್ಯರ ಒಂದು ನಾರ್ಮಲ್ ಉಪಗ್ರೂಪ್ (ಇಡೀ ಗ್ರೂಪಿನ ಎದುರೂ ಕದಲದ್ದು) ಇದೆ; ಗ್ರೂಪ್ ಅದರ ಎಷ್ಟು ಪಟ್ಟು ದೊಡ್ಡದು ಎಂಬುದಕ್ಕೆ n ಅನ್ನಷ್ಟೇ ಅವಲಂಬಿಸಿದ ಮಿತಿಯಿದೆ. ಪ್ರಿಮಿಟಿವ್ ಗ್ರೂಪಿನಲ್ಲಿ ಅಂಥ ಉಪಗ್ರೂಪ್ ನಾವು ಎಣಿಸದೆ ಬಿಟ್ಟ ಮಾತೃಕೆಗಳದ್ದೇ ಆಗಿರುತ್ತದೆ. ಇಂದು ತರಗತಿಯಲ್ಲಿ ಹೇಳುವ ವಾದ ನನಗೆ ಬಹಳ ಪ್ರಿಯ. ಸರಾಸರಿ ತೆಗೆಯುವ ಉಪಾಯದಿಂದ ಗ್ರೂಪಿನ ಮಾತೃಕೆಗಳೆಲ್ಲವನ್ನೂ ಯೂನಿಟರಿ, ಅಂದರೆ ಉದ್ದ ಕೆಡಿಸದವು, ಮಾಡಿಕೊಳ್ಳಬಹುದು. ಈಗ A, B ಎರಡೂ ಐಡೆಂಟಿಟಿಯಿಂದ 1/2ಕ್ಕಿಂತ ಕಡಿಮೆ ದೂರದಲ್ಲಿದ್ದರೆ, ABA⁻¹B⁻¹ ಐಡೆಂಟಿಟಿಯಿಂದ ಇರುವ ದೂರ ಆ ಎರಡು ದೂರಗಳ ಗುಣಲಬ್ಧದ ಎರಡರಷ್ಟನ್ನು ಮೀರದು. ಎಂದರೆ ಅದು ಇಬ್ಬರಿಗಿಂತಲೂ ಹತ್ತಿರ. ಹೀಗೆ ಹತ್ತಿರ ಹತ್ತಿರ ಸರಿಯುತ್ತಲೇ ಇರಲು ಪರಿಮಿತ ಗ್ರೂಪಿನಲ್ಲಿ ಜಾಗವಿಲ್ಲ; ಕೊನೆಗೆ ಐಡೆಂಟಿಟಿಯನ್ನೇ ಮುಟ್ಟಬೇಕು. ಇಲ್ಲಿಂದ ಇನ್ನೊಂದಿಷ್ಟು ಶ್ರಮಪಟ್ಟರೆ, ಐಡೆಂಟಿಟಿಯ ಸಮೀಪದವರೆಲ್ಲ ಪರಸ್ಪರ ಕ್ರಮ ಬದಲಿಸಿ ಗುಣಿಸಿದರೂ ಫಲ ಬದಲಾಗದವರು ಎಂದು ತಿಳಿಯುತ್ತದೆ. ಪರಸ್ಪರ ದೂರ ಕಾಯ್ದುಕೊಂಡವರನ್ನು ಯೂನಿಟರಿ ಮಾತೃಕೆಗಳ ಸೀಮಿತ ಜಾಗದಲ್ಲಿ ಎಷ್ಟು ಮಂದಿ ಕೂರಿಸಲು ಸಾಧ್ಯ?

n = 2 ಆದಾಗ ಉಳಿಯುವವು ಮೂರೇ: 12, 24, 60 ಸದಸ್ಯರಿರುವವು. ಚತುಷ್ಫಲಕ, ಅಷ್ಟಫಲಕ, ವಿಂಶತಿಫಲಕಗಳ ಪರಿಭ್ರಮಣಗಳು. n = 3ಕ್ಕೆ ಆರು: 36, 60, 72, 168, 216, 360. ಜೋರ್ಡಾನ್‌ನ 1878ರ ಪಟ್ಟಿಯಲ್ಲಿ 168 ಇರಲಿಲ್ಲ. ಅದನ್ನು ಕ್ಲೈನ್ ಕಂಡುಕೊಂಡ. 360 ಸಿಕ್ಕಿದ್ದು 1889ರಲ್ಲಿ, ವಾಲೆಂಟಿನರ್‌ಗೆ. ತಾನೇ ಪ್ರಮೇಯ ಸಾಧಿಸಿದವನ ಕಣ್ಣಿಗೂ ಎರಡು ತಪ್ಪಿದವು ಎಂದರೆ ಕೆಲಸದ ಕಷ್ಟ ಅರ್ಥವಾದೀತು. ಇದನ್ನು ಬಿಗಿಗೊಳಿಸಲು ಬ್ಲಿಚ್‌ಫೆಲ್ಟ್ ಒಂದು ಅಪರೂಪದ ನಿಯಮ ಕೊಟ್ಟ: ಪ್ರಿಮಿಟಿವ್ ಗ್ರೂಪಿನ ಮಾತೃಕೆಯ ಐಗನ್ ಮೌಲ್ಯಗಳೆಲ್ಲ ಯಾವುದೋ ಒಂದರಿಂದ 60 ಡಿಗ್ರಿಯೊಳಗೆ ಇದ್ದರೆ ಅವೆಲ್ಲ ಒಂದೇ. ಕೋನಮಾಪಕ ಹಿಡಿದು ಗ್ರೂಪುಗಳನ್ನು ಹೊರಗಟ್ಟಿದಂತೆ! n = 4ರ ಪಟ್ಟಿಯನ್ನೂ ಅವನೇ ಮಾಡಿದ. ಐದನೆಯದಕ್ಕೆ 1967ರಲ್ಲಿ ಬ್ರೌವರ್ ಬರಬೇಕಾಯಿತು.

ಜೋರ್ಡಾನ್ ಹೇಳಿದ ಮಿತಿಯ ನಿಖರ ಬೆಲೆ n = 2ಕ್ಕೆ 60, n = 3ಕ್ಕೆ 360. ಆರಂಭದ ಈ ಬೆಲೆಗಳು ಅಂಕೆ ಮೀರಿ ಕುಣಿಯುತ್ತವೆ. 2007ರಲ್ಲಿ ಕಾಲಿನ್ಸ್ ತೋರಿಸಿದ್ದೇನೆಂದರೆ, n 71ರಷ್ಟು ಅಥವಾ ಅದಕ್ಕಿಂತ ದೊಡ್ಡದಾದ ಮೇಲೆ ಬೆಲೆ ಸರಿಯಾಗಿ (n+1)!. ಆ ಮಿತಿಯನ್ನು ಮುಟ್ಟುವುದು n+1 ವಸ್ತುಗಳ ಕ್ರಮಪಲ್ಲಟನೆಗಳ ಗ್ರೂಪ್. ಆದರೆ ಅವನ ಸಾಧನೆ ಪರಿಮಿತ ಸರಳ ಗ್ರೂಪುಗಳ (ಇನ್ನು ಸಣ್ಣ ಗ್ರೂಪುಗಳಾಗಿ ಬಿಡಿಸಲಾಗದವುಗಳ) ವರ್ಗೀಕರಣವನ್ನು, ಅಂದರೆ ಸಾವಿರಾರು ಪುಟಗಳ ಆ ಸಾಮೂಹಿಕ ಸಾಹಸವನ್ನು, ನೆಚ್ಚಿಕೊಂಡಿದೆ.