ಡಿಸೆಬಿಲಿಟಿ ಅಸೆಸ್‌ಮೆಂಟ್‌ಗೆ ಹೋಗೋ ಮುಂಚೆ ಮನೇಲಿ ಕೂತು ಮಾಡ್ಬೇಕಾದ ಕೆಲಸ

ಅಂಗವೈಕಲ್ಯದ ಪಿಂಚಣಿ, ಭತ್ಯೆ, ಸರ್ಟಿಫಿಕೇಟ್, ಯಾವ್ದಕ್ಕೇ ಅರ್ಜಿ ಹಾಕಿದ್ರೂ ಒಂದು ಹಂತದಲ್ಲಿ ಡಾಕ್ಟರೋ ನರ್ಸೋ ಥೆರಪಿಸ್ಟೋ ಎದುರಿಗೆ ಕೂರಿಸ್ಕೊಂಡು ಪರೀಕ್ಷೆ ಮಾಡ್ತಾರೆ, ಪ್ರಶ್ನೆ ಕೇಳ್ತಾರೆ. ಅದಕ್ಕೆ ತಯಾರಿ ಅಂದ್ರೆ ಹೆಚ್ಚಿನವರು ಫೈಲ್ ಜೋಡಿಸೋಕೆ ಕೂರ್ತಾರೆ, ಹಳೇ ಸ್ಕ್ಯಾನು, ಎಕ್ಸ್‌ರೇ, ಬ್ಲಡ್ ರಿಪೋರ್ಟು ಎಲ್ಲ ತಾರೀಖು ಪ್ರಕಾರ. ಫೈಲ್ ಬೇಡ ಅನ್ನಲ್ಲ. ಆದ್ರೆ ನಾನು ಆಕ್ಯುಪೇಶನಲ್ ಥೆರಪಿಸ್ಟ್, ಅಂದ್ರೆ ಕಾಯಿಲೆ ಇರೋರಿಗೆ ದಿನನಿತ್ಯದ ಕೆಲಸ ಮಾಡ್ಕೊಳ್ಳೋಕೆ ನೆರವಾಗೋಳು, ಇಂಥ ಅಸೆಸ್‌ಮೆಂಟ್‌ಗೆ ಹೋಗೋರಿಗೆ ತಯಾರಿ ಮಾಡಿಸೋದು ನನ್ನ ಕೆಲಸದ ಒಂದು ಭಾಗ, ಅಲ್ಲಿ ಮತ್ತೆ ಮತ್ತೆ ಕಾಣೋದು ಏನಂದ್ರೆ ಫೈಲ್ ಎಷ್ಟೇ ದಪ್ಪ ಇದ್ರೂ, ತಮ್ಮ ಒಂದು ದಿನ ಹೇಗೆ ಸಾಗತ್ತೆ ಅನ್ನೋದನ್ನ ಅವರು ಬಾಯಿಬಿಟ್ಟು ಹೇಳೇ ಇರಲ್ಲ. ಎದುರಿಗೆ ಕೂತಿರೋರಿಗೆ ಬೇಕಾಗಿರೋದು ಅದೇ.

ಯಾಕೆ ಅಂತ ಕೇಳಿದ್ರೆ, ಒಂದೇ ಕಾಯಿಲೆ ಇಬ್ಬರಲ್ಲಿ ಒಂದೇ ಥರ ಇರಲ್ಲ. ಇಬ್ಬರ ಮಂಡಿ ಎಕ್ಸ್‌ರೇ ಪಕ್ಕಪಕ್ಕ ಇಟ್ರೆ ಒಂದೇ ಥರ ಸವೆದಿರತ್ತೆ, ಆದ್ರೆ ಒಬ್ಬರು ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋಗ್ತಿರ್ತಾರೆ, ಇನ್ನೊಬ್ಬರಿಗೆ ಟಾಯ್ಲೆಟ್‌ನಿಂದ ಏಳೋಕೆ ಯಾರಾದ್ರೂ ಕೈ ಕೊಡ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗವೈಕಲ್ಯನ ವಿವರಿಸೋಕೆ ಐಸಿಎಫ್ ಅನ್ನೋ ವರ್ಗೀಕರಣ ತಂತು, ಅದರಲ್ಲಿ ಎರಡು ವಿಷಯನ ಬೇರೆ ಬೇರೆ ಮಾಡಿ ನೋಡ್ತಾರೆ. ಎಲ್ಲ ಅನುಕೂಲ ಇರೋ ಜಾಗದಲ್ಲಿ ಒಬ್ಬ ಮನುಷ್ಯ ಎಷ್ಟು ಮಾಡಬಲ್ಲ ಅನ್ನೋದು ಒಂದು, ಅವನು ಬದುಕ್ತಿರೋ ಜಾಗದಲ್ಲಿ ನಿಜವಾಗ್ಲೂ ಎಷ್ಟು ಮಾಡ್ತಿದ್ದಾನೆ ಅನ್ನೋದು ಇನ್ನೊಂದು. ದಿನನಿತ್ಯದ ಕೆಲಸ ಅಳೆಯೋಕೆ 1965ರಿಂದ ಬಳಕೆಯಲ್ಲಿರೋ ಬಾರ್ಥೆಲ್ ಇಂಡೆಕ್ಸ್ ಅನ್ನೋ ಮಾಪಕದಲ್ಲೂ ಹಾಗೇನೇ, ಊಟ, ಸ್ನಾನ, ಬಟ್ಟೆ, ನಡಿಗೆ, ಮೆಟ್ಟಿಲು ಅಂತ 10 ವಿಷಯಕ್ಕೆ 100ರವರೆಗೆ ಅಂಕ ಕೊಡೋವಾಗ ಆ ವ್ಯಕ್ತಿ ಏನು ಮಾಡಬಹುದಿತ್ತು ಅಂತ ಊಹೆ ಮಾಡೋ ಹಾಗಿಲ್ಲ, ಏನು ಮಾಡ್ತಿದ್ದಾರೆ ಅಂತ ಮಾತ್ರ ಬರೀಬೇಕು.

ದೇಶದಿಂದ ದೇಶಕ್ಕೆ ಲೆಕ್ಕಾಚಾರ ಬೇರೆ. ಬ್ರಿಟನ್‌ನಲ್ಲಿ 2013ರಲ್ಲಿ ಶುರುವಾದ ಪಿಪ್ ಅನ್ನೋ ಅಂಗವೈಕಲ್ಯ ಭತ್ಯೆಗೆ ದಿನನಿತ್ಯದ 10 ಕೆಲಸ, ಓಡಾಟದ 2, ಒಟ್ಟು 12 ಚಟುವಟಿಕೆಗೆ ಪಾಯಿಂಟ್ ಹಾಕ್ತಾರೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಯೋಜನೆಯಲ್ಲಿ ತೊಂದ್ರೆ ಕನಿಷ್ಠ 12 ತಿಂಗಳು ಇದ್ದಿರಬೇಕು ಇಲ್ಲಾ ಅಷ್ಟು ಕಾಲ ಇರತ್ತೆ ಅಂತ ಅನ್ನಿಸ್ಬೇಕು ಇಲ್ಲಾ ಅದರಿಂದ ಸಾವು ಬರಬಹುದು ಅಂತ ಅನ್ನಿಸ್ಬೇಕು, ಜೊತೆಗೆ ಕೆಲಸ ಮಾಡಿ ದುಡಿಯೋಕೆ ಆಗತ್ತಾ ಅನ್ನೋದೇ ಮುಖ್ಯ ಪ್ರಶ್ನೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸತ್ತೆ, ಮುಖ್ಯ ಸವಲತ್ತುಗಳಿಗೆಲ್ಲ ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇರ್ಬೇಕು ಅನ್ನೋ ಗೆರೆ ಇದೆ. ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ, ಕೀಲು ಎಷ್ಟು ಮಡಚತ್ತೆ ಅನ್ನೋ ಅಳತೆ, ಇಂಥ ಕಡೆ ನಿಮ್ಮ ಮಾತಿಂದ ನಂಬರ್ ಬದಲಾಗಲ್ಲ. ಅದೇ ಮಾನಸಿಕ ಕಾಯಿಲೆಗೆ ಅಲ್ಲಿ ಬಳಸೋ ಐಡಿಯಾಸ್ ಮಾಪಕದಲ್ಲಿ ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ ಅಂತ ನಾಲ್ಕು ಭಾಗ, ನಾಲ್ಕೂ ನೀವು ಮತ್ತೆ ಮನೆಯವರು ಏನು ಹೇಳ್ತೀರ ಅನ್ನೋದರ ಮೇಲೇ ನಿಂತಿರತ್ತೆ. ಹಾಗಾಗಿ ಮೊದಲ ಕೆಲಸ, ನಿಮ್ಮ ಅರ್ಜಿಗೆ ಅನ್ವಯಿಸೋ ಪ್ರಶ್ನೆಪಟ್ಟಿನೋ ಅಳತೆಯ ನಿಯಮನೋ ಯಾವುದು ಅಂತ ಕೇಳಿ ತರಿಸ್ಕೊಂಡು ಓದಿ, ಅದು ಗುಟ್ಟಿನ ಕಾಗದ ಅಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ನಮ್ಮ ಜನಕ್ಕೆ ಆಗಲ್ಲ ಅಂತ ಹೇಳೋಕೆ ನಾಚಿಕೆ. ವರ್ಷಗಟ್ಟಲೆ ಹೇಗೋ ಹೊಂದಿಸ್ಕೊಂಡು ಬಂದಿರ್ತಾರೆ, ಆ ಹೊಂದಾಣಿಕೆ ಅವರ ಕಣ್ಣಿಗೇ ಕಾಣದಷ್ಟು ಅಭ್ಯಾಸ ಆಗೋಗಿರತ್ತೆ. ಸಂಧಿವಾತ ಇರೋ ಒಬ್ಬರನ್ನ "ಸ್ನಾನ ನೀವೇ ಮಾಡ್ಕೋತೀರಾ ಅಮ್ಮಾ" ಅಂತ ಕೇಳಿದೆ. "ಹೂಂ ಮೇಡಂ, ನಾನೇ ಮಾಡ್ಕೋತೀನಿ" ಅಂದ್ರು. ಅಸೆಸ್‌ಮೆಂಟ್‌ನಲ್ಲಿ ಇಷ್ಟೇ ಹೇಳಿದ್ರೆ ಫಾರ್ಮ್‌ನಲ್ಲಿ ಸ್ವತಂತ್ರ ಅಂತ ಒಂದು ಟಿಕ್ ಬಿದ್ದು ಮುಂದಿನ ಪ್ರಶ್ನೆಗೆ ಹೋಗ್ತಾರೆ. ನಾನು ಬಿಡದೆ ಒಂದೊಂದೇ ಕೇಳ್ತಾ ಹೋದೆ. ನಲ್ಲಿ ಯಾರು ತಿರುಗಿಸ್ತಾರೆ? ಮಗಳು, ಬೆಳಗ್ಗೆ ಬೆರಳು ಮಡಚಲ್ಲ. ನಿಂತ್ಕೊಂಡೋ ಕೂತ್ಕೊಂಡೋ? ಸ್ಟೂಲ್ ಮೇಲೆ. ಬೆನ್ನು? ಬೆನ್ನಿಗೆ ಕೈ ಹೋಗಲ್ಲ, ಬಿಟ್ಟುಬಿಡ್ತೀನಿ. ತಲೆಗೆ? ವಾರಕ್ಕೊಂದ್ಸಲ, ಮಗಳು ಹಾಕ್ತಾಳೆ. ಎಷ್ಟು ಹೊತ್ತು ಬೇಕು? ಮುಕ್ಕಾಲು ಗಂಟೆ. ಆಮೇಲೆ? ಬಟ್ಟೆ ಹಾಕ್ಕೊಳ್ಳೋಕೂ ತ್ರಾಣ ಇರಲ್ಲ, ಟವೆಲ್ ಸುತ್ಕೊಂಡು ಹಾಸಿಗೆ ಮೇಲೆ ಬಿದ್ಕೊಂಡಿರ್ತೀನಿ. ದಿನಾ ಮಾಡ್ತೀರಾ? ಎಲ್ಲಿಂದ, ಎರಡು ದಿನಕ್ಕೊಮ್ಮೆ, ಕೈ ಊದ್ಕೊಂಡಿದ್ರೆ ಅದೂ ಇಲ್ಲ. ನೋಡಿ, ಇಷ್ಟೂ ವಿವರ ಆ ಒಂದು ಹೂಂ ಒಳಗೆ ಅಡಗಿ ಕೂತಿತ್ತು. ಅವರು ಸುಳ್ಳು ಹೇಳ್ಲಿಲ್ಲ, ತಮ್ಮ ಮರ್ಯಾದೆ ಉಳಿಸ್ಕೊಂಡ್ರು ಅಷ್ಟೇ, ಆದ್ರೆ ಅಸೆಸ್‌ಮೆಂಟ್‌ನಲ್ಲಿ ಅದರ ಬೆಲೆ ತೆರೋದು ಅವರೇ.

ಇಂಥ ವಿವರ ಹೊರಗೆ ತೆಗೆಯೋಕೆ ಬ್ರಿಟನ್‌ನ ನಿಯಮದಲ್ಲಿರೋ ನಾಲ್ಕು ಪ್ರಶ್ನೆ ನಾನು ಎಲ್ಲರಿಗೂ ಕೊಡ್ತೀನಿ, ನೀವು ಯಾವ ದೇಶದಲ್ಲಿ ಅರ್ಜಿ ಹಾಕಿದ್ರೂ ಉಪಯೋಗಕ್ಕೆ ಬರತ್ತೆ. ಈ ಕೆಲಸ ಅಪಾಯ ಇಲ್ಲದೆ ಆಗತ್ತಾ, ತಕ್ಕಮಟ್ಟಿಗೆ ಸರಿಯಾಗಿ ಆಗತ್ತಾ, ಬೇಕಾದಷ್ಟು ಸಲ ಮಾಡೋಕೆ ಆಗತ್ತಾ, ಸರಿಯಾದ ಸಮಯದಲ್ಲಿ ಆಗತ್ತಾ. ಸಮಯಕ್ಕೆ ಅಲ್ಲಿ ಇಟ್ಕೊಂಡಿರೋ ಅಳತೆ, ಈ ತೊಂದ್ರೆ ಇಲ್ಲದ ಒಬ್ಬರಿಗೆ ಹೆಚ್ಚಂದ್ರೆ ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು, ಅದನ್ನ ದಾಟಿದ್ರೆ ಆ ಕೆಲಸ ನಿಮ್ಮಿಂದ ಸರಿಯಾಗಿ ಆಗ್ತಿಲ್ಲ ಅಂತಾನೇ ಲೆಕ್ಕ. ಒಲೆ ಹಚ್ಚೋಕೆ ಬರತ್ತೆ ಆದ್ರೆ ಮೂರ್ಛೆ ಬರೋ ಭಯಕ್ಕೆ ಪಕ್ಕದಲ್ಲಿ ಒಬ್ಬರು ನಿಂತಿರ್ಬೇಕು ಅಂದ್ರೆ ಮೊದಲನೇ ಪ್ರಶ್ನೆಗೇ ಉತ್ತರ ಆಗಲ್ಲ ಅಂತ. ಒಂದ್ಸಲ ಮೆಟ್ಟಿಲು ಹತ್ತಬಹುದು, ಆದ್ರೆ ಅದಾದ್ಮೇಲೆ ಅವತ್ತೆಲ್ಲಾ ಇನ್ನೊಂದ್ಸಲ ಆಗಲ್ಲ ಅಂದ್ರೆ ಮೂರನೇ ಪ್ರಶ್ನೆಗೆ ಉತ್ತರ ಆಗಲ್ಲ ಅಂತ.

ದಿನಕ್ಕೊಂದು ಥರ ಇರೋ ಕಾಯಿಲೆಗಳು, ಅಂದ್ರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಲೂಪಸ್, ಎಪಿಲೆಪ್ಸಿ (ಮೂರ್ಛೆ ರೋಗ), ಬೈಪೋಲಾರ್, ಕ್ರೋನಿಕ್ ಫಟೀಗ್ (ತೀರದ ಸುಸ್ತು), ಇವು ಇರೋರ ಪಾಡು ಇನ್ನೂ ಕಷ್ಟ, ಯಾಕಂದ್ರೆ ಅಸೆಸ್‌ಮೆಂಟ್ ಬೀಳೋದು ಒಳ್ಳೇ ದಿನದಲ್ಲೇ ಇರಬಹುದು. ಅದಕ್ಕೇ ಡೈರಿ ಬರೀರಿ ಅಂತ ಒತ್ತಿ ಹೇಳೋದು. ಎರಡ್ಮೂರು ವಾರದ್ದು ಸಾಕು, ಚೆನ್ನಾಗಿ ಬರೀಬೇಕು ಅಂತೇನಿಲ್ಲ, ಕ್ಯಾಲೆಂಡರ್ ಮೇಲೆ ಗೀಚಿದ್ರೂ ನಡಿಯತ್ತೆ. ಎದ್ದಿದ್ದು ಎಷ್ಟೊತ್ತಿಗೆ, ಯಾರು ಏನು ಸಹಾಯ ಮಾಡಿದ್ರು, ಯಾವುದನ್ನ ಅರ್ಧಕ್ಕೆ ಬಿಟ್ರಿ, ಬಿದ್ರಾ, ಮಾತ್ರೆ ತಗೊಂಡ್ಮೇಲೆ ಎಷ್ಟೊತ್ತು ಮಂಕಾಗಿದ್ರಿ. ಆಮೇಲೆ ಒಳ್ಳೇ ದಿನ ಎಷ್ಟು ಕೆಟ್ಟ ದಿನ ಎಷ್ಟು ಅಂತ ಎಣಿಸಿ. ಪಿಪ್‌ನಲ್ಲಿ 12 ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೇಗಿರತ್ತೆ ಅನ್ನೋದೇ ಲೆಕ್ಕ, ಅಂಗವೈಕಲ್ಯ ಅಳೆಯೋಕೆ ಅಂತ ಇರೋ ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ ಪ್ರಶ್ನಾವಳಿ ಕಳೆದ 30 ದಿನದ್ದು ಕೇಳತ್ತೆ. "ಕೆಲವು ದಿನ ಪರ್ವಾಗಿಲ್ಲ" ಅಂತ ಹೇಳೋದಕ್ಕೂ "ವಾರದಲ್ಲಿ ಎರಡು ದಿನ ಪರ್ವಾಗಿಲ್ಲ, ಉಳಿದ ಐದು ದಿನ ಹಾಸಿಗೇಲೇ" ಅಂತ ಹೇಳೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೀವೇ ನೋಡಿ. ಮೂರ್ಛೆ ರೋಗ ಇರೋರಿಗೆ ಎಷ್ಟೋ ಸಲ ತಮಗೆ ಏನಾಯ್ತು ಅಂತ ಗೊತ್ತಿರಲ್ಲ, ಅಲ್ಲಿ ನೋಡಿದವರು ಬರೆದ್ರೇನೇ ಸರಿ, ಫೋನಲ್ಲಿ ತೆಗೆದ ವಿಡಿಯೋ ಇದ್ರೆ ಇನ್ನೂ ಒಳ್ಳೇದು.

ಮಾನಸಿಕ ಕಾಯಿಲೆ, ಬುದ್ಧಿಮಾಂದ್ಯತೆ, ಆಟಿಸಂ ಇರೋರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಅವತ್ತು ಮನೆಯವರು ಎಬ್ಬಿಸಿ, ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಸಿ, ಕೈ ಹಿಡ್ಕೊಂಡು ಕರ್ಕೊಂಡು ಬಂದಿರ್ತಾರೆ. ರಿಪೋರ್ಟ್‌ನಲ್ಲಿ ಏನು ಬರತ್ತೆ ಅಂದ್ರೆ ಶುಚಿಯಾಗಿದ್ದರು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು. ಅಷ್ಟು ಮಾಡಿಸೋಕೆ ಬೆಳಗ್ಗೆಯಿಂದ ಯಾರು ಎಷ್ಟು ಸಲ ಹೇಳ್ಬೇಕಾಯ್ತು ಅನ್ನೋದು ಎಲ್ಲೂ ಬರಲ್ಲ, ನೀವು ಹೇಳಿದ್ರೆ ಮಾತ್ರ ಬರತ್ತೆ. ಒಬ್ಬರು ಬೆನ್ನು ಹತ್ತಿ ಹೇಳ್ತಾ ಇದ್ರೆ ಮಾತ್ರ ಆಗೋ ಕೆಲಸನ ತಾನೇ ಮಾಡೋ ಕೆಲಸ ಅಂತ ಹೇಳ್ಬೇಡಿ. ಆದ್ರೆ ಅಮ್ಮಂದಿರಲ್ಲಿ ಒಂದು ವಿನಂತಿ, ಮಗನಿಗೆ ಕೇಳಿದ ಪ್ರಶ್ನೆಗೆ ತಕ್ಷಣ ನೀವೇ ಉತ್ತರ ಕೊಡ್ಬೇಡಿ. ಅವನು ಹೇಳ್ಲಿ, ತಡವರಿಸ್ಲಿ, ತಪ್ಪೇ ಹೇಳ್ಲಿ, ಅದನ್ನ ಅವರು ನೋಡ್ಬೇಕು. ಅವನು ಮುಗಿಸಿದ ಮೇಲೆ "ಇದಕ್ಕೆ ನಾನೊಂದು ಮಾತು ಸೇರಿಸ್ಬಹುದಾ" ಅಂತ ಕೇಳಿ ಸೇರಿಸಿ. ಸಾಯಬೇಕು ಅನ್ನೋ ಯೋಚನೆ ಬರ್ತಿದ್ರೆ ಅದನ್ನ ಮನೆಯವರ ಎದುರು ಹೇಳೋಕೆ ಆಗ್ದೇ ಇರಬಹುದು, ಒಬ್ಬರೇ ಮಾತಾಡ್ಬೇಕು ಅಂತ ಕೇಳಿ, ಮತ್ತೆ ಅಸೆಸ್‌ಮೆಂಟ್‌ಗೆ ಅಂತ ಕಾಯ್ತಾ ಕೂರದೆ ಇವತ್ತೇ ನಿಮ್ಮ ಡಾಕ್ಟರ್‌ಗೂ ಹೇಳಿ.

ಕಾಗದ ಪತ್ರದ ವಿಷಯ ಬೇಗ ಮುಗಿಸ್ತೀನಿ. ಇತ್ತೀಚಿನದು ಮೇಲೆ ಇರ್ಲಿ, ಮಾತ್ರೆ ಪಟ್ಟಿ ಡೋಸ್ ಸಮೇತ ಇರ್ಲಿ, ಎಲ್ಲದರ ಜೆರಾಕ್ಸ್ ನಿಮ್ಮ ಹತ್ರ ಇರ್ಲಿ. ನಿಮ್ಮನ್ನ ನೋಡ್ತಿರೋ ಡಾಕ್ಟರ್ ಹತ್ರ ಪತ್ರ ಕೇಳೋವಾಗ ಬರೀ ಇಂಥ ಕಾಯಿಲೆ ಇದೆ ಅಂತ ಬರೆಸ್ಕೊಂಡು ಬರ್ಬೇಡಿ. ಎಷ್ಟು ಹೊತ್ತು ನಿಲ್ಲಬಲ್ಲರು, ಎಷ್ಟು ದೂರ ನಡೆದ್ರೆ ಕೂರ್ಬೇಕು, ಯಾವ ಕೆಲಸಕ್ಕೆ ಇನ್ನೊಬ್ಬರು ಬೇಕು, ಇದು ಎಷ್ಟು ಕಾಲ ಹೀಗೇ ಇರಬಹುದು, ಇಷ್ಟು ಬರೆದ ಒಂದು ಪುಟದ ಪತ್ರ ಹತ್ತು ಸ್ಕ್ಯಾನ್‌ಗಿಂತ ಹೆಚ್ಚು ಕೆಲಸ ಮಾಡತ್ತೆ. ಡಾಕ್ಟರ್‌ಗೆ ಟೈಮ್ ಇರಲ್ಲ, ನಿಜ, ಅದಕ್ಕೇ ಡೈರಿಯ ಸಾರಾಂಶ ಅವರ ಕೈಗೆ ಮೊದಲೇ ಕೊಡಿ.

ಅವತ್ತಿನ ದಿನ ಜನ ಮಾಡೋ ಎರಡು ಕೆಲಸ ದಯವಿಟ್ಟು ಮಾಡ್ಬೇಡಿ. ತೊಂದ್ರೆ ಚೆನ್ನಾಗಿ ಕಾಣ್ಲಿ ಅಂತ ಮಾತ್ರೆ ಬಿಡೋದು ಒಂದು. ಫಿಟ್ಸ್ ಮಾತ್ರೆ, ಶುಗರ್ ಮಾತ್ರೆ, ಮಾನಸಿಕ ಕಾಯಿಲೆ ಮಾತ್ರೆ ಒಂದು ದಿನ ಬಿಟ್ಟು ಏನಾದ್ರೂ ಆದ್ರೆ ಯಾವ ಪಿಂಚಣಿ ತಗೊಂಡು ಏನು ಮಾಡ್ತೀರಿ. ಎಂದಿನ ಹಾಗೇ ತಗೊಳ್ಳಿ, ಎಷ್ಟೊತ್ತಿಗೆ ತಗೊಂಡೆ, ಅದಿಲ್ಲದೆ ಹೇಗಿರ್ತೀನಿ ಅಂತ ಬಾಯಲ್ಲಿ ಹೇಳಿ. ಇನ್ನೊಂದು ನಟನೆ. ಹಿಡಿತದ ಶಕ್ತಿ ಅಳೆಯೋವಾಗ ಮೂರು ಸಲ ಒತ್ತಿಸ್ತಾರೆ, ಮೂರೂ ಸಲ ಸಂಬಂಧವೇ ಇಲ್ಲದ ನಂಬರ್ ಬಂದ್ರೆ ಅನುಮಾನ ಬರತ್ತೆ. ಮಲಗಿಸಿ ಕಾಲು ಎತ್ತಿಸಿ ನೋಡಿದ್ದನ್ನೇ ಕೂತಾಗ ಬೇರೆ ನೆಪದಲ್ಲಿ ನೋಡ್ತಾರೆ. ಹೊರಗಡೆ ಕುರ್ಚಿಯಿಂದ ಹೇಗೆ ಎದ್ರಿ, ಬ್ಯಾಗ್ ಯಾವ ಕೈಲಿ ಎತ್ಕೊಂಡ್ರಿ, ಬಾಗಿಲು ಹೇಗೆ ತಳ್ಳಿದ್ರಿ ಇದನ್ನೂ ಗಮನಿಸ್ತಾರೆ. ಇದು ಹೆದರ್ಸೋಕೆ ಹೇಳ್ತಿಲ್ಲ, ಇರೋದನ್ನ ಇರೋ ಹಾಗೆ ತೋರ್ಸಿದ್ರೆ ಇದ್ಯಾವುದೂ ನಿಮಗೆ ಅಡ್ಡ ಬರಲ್ಲ. ಕೋಲು, ವಾಕರ್, ಸ್ಪ್ಲಿಂಟ್, ಹಿಯರಿಂಗ್ ಏಡ್ ದಿನಾ ಬಳಸ್ತಿದ್ರೆ ಅವತ್ತೂ ತಗೊಂಡು ಹೋಗಿ, ಬಳಸದೇ ಇರೋದನ್ನ ಅವತ್ತಿಗೆ ಅಂತ ತರ್ಬೇಡಿ.

ಅಳತೆಗೆ ಅಂತ ಕೈ ಎತ್ತಿ, ಬಗ್ಗಿ ಅಂದಾಗ ಜೀವ ಹೋಗೋಷ್ಟು ನೋವಾದ್ರೂ ಹಲ್ಲು ಕಚ್ಕೊಂಡು ಪೂರ್ತಿ ಎತ್ತಿ ತೋರಿಸೋರಿದ್ದಾರೆ, ಡಾಕ್ಟರ್ ಹೇಳಿದ್ರಲ್ಲ ಅಂತ. ಬೇಡ. ಎಲ್ಲಿ ನೋವು ಶುರುವಾಗತ್ತೋ ಅಲ್ಲೇ "ಇಲ್ಲಿಂದ ನೋವು" ಅನ್ನಿ, ಆಗದ ಕಡೆ ನಿಲ್ಲಿಸಿ. ಹೇಗೆ ಬಂದ್ರಿ ಅಂತ ಕೇಳಿದ್ರೆ ಬರೀ ಬಸ್ಸಲ್ಲಿ ಅನ್ಬೇಡಿ, ಜೊತೆಗೆ ಯಾರಿದ್ರು, ಹತ್ತೋಕೆ ಇಳಿಯೋಕೆ ಏನಾಯ್ತು, ಮಧ್ಯೆ ಎಷ್ಟು ಕಡೆ ಕೂತ್ರಿ ಅಂತ ಸೇರಿಸಿ. ಪರೀಕ್ಷೆ ಮಾಡೋರ ಭಾಷೆ ನಿಮಗೆ ಸರಿಯಾಗಿ ಬರ್ದೇ ಇದ್ರೆ ದುಭಾಷಿ ಬೇಕು ಅಂತ ಮುಂಚೆನೇ ಕೇಳಿ, ಸ್ಕೂಲಿಗೆ ಹೋಗೋ ಮಗು ಹತ್ರ ಅಪ್ಪನ ಟಾಯ್ಲೆಟ್ ವಿಷಯ ಅನುವಾದ ಮಾಡಿಸ್ಬೇಡಿ, ಅಪ್ಪನೂ ಪೂರ್ತಿ ಹೇಳಲ್ಲ, ಮಗುಗೂ ಹಿಂಸೆ. ಮನೆಯಿಂದ ಹೊರಗೆ ಬರೋಕೇ ಆಗದ ಸ್ಥಿತಿ ಇದ್ರೆ ಮನೆಗೆ ಬಂದು ನೋಡೋಕೋ ಫೋನಲ್ಲಿ ಮಾಡೋಕೋ ಅವಕಾಶ ಇದ್ಯಾ ಅಂತ ಲಿಖಿತವಾಗಿ ಕೇಳಿ, ಡಾಕ್ಟರ್ ಪತ್ರ ಜೊತೆಗಿಡಿ.

ಮುಗಿಸಿ ಮನೆಗೆ ಬಂದ ದಿನಾನೇ, ಎಷ್ಟೇ ಸುಸ್ತಾಗಿದ್ರೂ, ಇಲ್ಲಾಂದ್ರೆ ಜೊತೆಗೆ ಬಂದೋರ ಕೈಲಿ, ಏನು ಕೇಳಿದ್ರು, ಏನು ಹೇಳಿದ್ರಿ, ಏನು ಮಾಡಿಸಿ ನೋಡಿದ್ರು, ಎಷ್ಟು ಹೊತ್ತು ಆಯ್ತು ಅಂತ ಬರೆದಿಡಿ. ಮಾರನೇ ದಿನ, ಅದರ ಮಾರನೇ ದಿನ ಹೇಗಿದ್ರಿ ಅಂತಾನೂ ಬರೀರಿ, ಕ್ರೋನಿಕ್ ಫಟೀಗ್ ಥರದ ಕಾಯಿಲೆಲಿ ಪೆಟ್ಟು ಬೀಳೋದೇ ಆಮೇಲೆ. ಅರ್ಜಿ ತಿರಸ್ಕಾರ ಆದ್ರೆ ಅಥವಾ ಕಮ್ಮಿ ಕೊಟ್ಟಿದ್ದಾರೆ ಅನ್ಸಿದ್ರೆ ಅಸೆಸ್‌ಮೆಂಟ್ ರಿಪೋರ್ಟ್‌ನ ಪ್ರತಿ ಕೇಳಿ ತಗೊಂಡು, ನೀವು ಬರೆದಿಟ್ಟಿದ್ದರ ಪಕ್ಕ ಇಟ್ಟು ಸಾಲು ಸಾಲಾಗಿ ಓದಿ. ಅನ್ಯಾಯ ಆಗಿದೆ ಅಂತ ಎರಡು ಪುಟ ಬರೆಯೋಕ್ಕಿಂತ, ಇಂಥ ಪ್ರಶ್ನೆಗೆ ಹೀಗೆ ಬರೆದಿದ್ದೀರಿ, ನಾನು ಹೇಳಿದ್ದು ಇದು, ಇದಕ್ಕೆ ಆಧಾರ ಈ ಪತ್ರ ಅಂತ ನಾಲ್ಕು ಸಾಲು ಬರೆದ್ರೆ ಓದೋರಿಗೂ ಹಿಡಿಯೋಕೆ ಸುಲಭ. ಗಡುವು ಮಾತ್ರ ಮೀರ್ಬೇಡಿ, ಬ್ರಿಟನ್‌ನಲ್ಲಿ ಮರುಪರಿಶೀಲನೆ ಕೇಳೋಕೆ 1 ತಿಂಗಳು, ಅಮೆರಿಕದಲ್ಲಿ 60 ದಿನ, ಬೇರೆ ಕಡೆ ಎಷ್ಟು ಅಂತ ನಿಮಗೆ ಬಂದಿರೋ ತೀರ್ಮಾನದ ಪತ್ರದಲ್ಲಿ ನೋಡಿ, ಕಾಣ್ಲಿಲ್ಲ ಅಂದ್ರೆ ಅವತ್ತೇ ಆ ಕಚೇರಿಗೆ ಫೋನ್ ಮಾಡಿ ಕೇಳಿ, ಯಾರು ಏನು ಹೇಳಿದ್ರು ಅಂತ ತಾರೀಖು ಸಮೇತ ಅದೇ ಡೈರಿಲಿ ಗುರುತು ಹಾಕ್ಕೊಳ್ಳಿ.