ಸೆಕೆ ಇಲ್ಲದ ಬಿಸಿಲು: ಮರಳುಗಾಡಿನ ಪ್ರವಾಸಕ್ಕೆ ಒಂದು ಟಿಪ್ಪಣಿ

ನಮ್ಮ ಪ್ರವಾಸೋದ್ಯಮ ಕ್ಲಾಸಿನಲ್ಲಿ ಬಂದ ಅಸೈನ್‌ಮೆಂಟ್ ಇದು. ಉಡುಪಿಯ ನಾಲ್ಕು ಜನರ ಕುಟುಂಬ, ಅದರಲ್ಲಿ ಅಜ್ಜಿಯೂ ಒಬ್ಬರು. ರಜೆಯಲ್ಲಿ ಮರಳುಗಾಡು ನೋಡಬೇಕು. ಎಲ್ಲಿಗೆ, ಯಾವಾಗ, ಏನೇನು ಕಟ್ಟಿಕೊಂಡು? ನನ್ನ ಮೊದಲ ಪ್ರತಿ ಪೂರ್ತಿ ವಾಪಸ್ ಬಂತು. ಎಲ್ಲಿ ತಪ್ಪಿದೆ ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ಮರೆತು ಹೋಗುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಉಪಯೋಗಕ್ಕೆ ಬರಲಿ.

ಯಾವ ರಜೆ, ಯಾವ ಮರಳು

ನಮಗೆ ದೊಡ್ಡ ರಜೆ ಸಿಗುವುದು ಏಪ್ರಿಲ್, ಮೇಯಲ್ಲಿ. ರಾಜಸ್ಥಾನದ ಥಾರ್ ಮರುಭೂಮಿಯ ಜೈಸಲ್ಮೇರ್‌ನಲ್ಲಿ ಆಗ 42 ಡಿಗ್ರಿ ದಾಟುವುದು ಮಾಮೂಲು, ಜೊತೆಗೆ ‘ಲೂ’ ಅನ್ನುವ ಬಿಸಿಗಾಳಿ. ಅಜ್ಜಿಯನ್ನು ಕರೆದುಕೊಂಡು ಹೋಗುವ ಮಾತೇ ಇಲ್ಲ. ದಸರಾ ರಜೆಯಲ್ಲೂ ಮಧ್ಯಾಹ್ನದ ಬಿಸಿಲು ಜೋರೇ. ಉಳಿಯುವುದು ಕ್ರಿಸ್‌ಮಸ್ ರಜೆ.

ಮೇ ತಿಂಗಳೇ ಆಗಬೇಕು ಅನ್ನುವವರಿಗೆ ಲಡಾಖ್‌ನ ನುಬ್ರಾ ಕಣಿವೆಯ ಹುಂಡರ್ ಇದೆ. ಅಲ್ಲಿ ಮರಳಿನ ದಿಬ್ಬವೂ ಉಂಟು, ಎರಡು ಡುಬ್ಬದ ಒಂಟೆಯೂ ಉಂಟು. ಆದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮೊದಲ ಎರಡು ದಿನ ಸುಮ್ನೆ ಕೂತು ಆ ಗಾಳಿಗೆ ಮೈ ಒಗ್ಗಿಸಿಕೊಳ್ಳಬೇಕು. ದುಬೈಗೆ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ನೇರ ವಿಮಾನವಿದೆ, ಒಂದೇ ಸಂಜೆಯ ಸಫಾರಿ ಸಾಕು. ಆದರೆ ಅಲ್ಲಿ ಗಾಡಿ ದಿಬ್ಬ ಹತ್ತಿ ಧುಮುಕುವ ಆಟ ಬೆನ್ನು ನೋವಿದ್ದವರಿಗೆ ಆಗಿ ಬರುವುದಿಲ್ಲ. ಹಾಗಾಗಿ ನಾನು ಥಾರ್‌ಗೇ ನಿಂತೆ.

ರೈಲಿನ ಬಗ್ಗೆ ಒಂದೇ ಮಾತು. ಕೊಂಕಣ ರೈಲು ಹಾದಿಯಲ್ಲಿ ಎರ್ನಾಕುಲಂನಿಂದ ಮಂಗಳೂರು ಮೂಲಕ ರಾಜಸ್ಥಾನದ ಅಜ್ಮೀರ್‌ವರೆಗೆ ಹೋಗುವ ಗಾಡಿಯ ಹೆಸರು ಮರುಸಾಗರ್. ಮರುಭೂಮಿ ಮತ್ತು ಸಾಗರ! ನಮಗೇ ಇಟ್ಟ ಹೆಸರಿನ ಹಾಗಿದೆ. ಆದರೆ ಅದು ವಾರಕ್ಕೊಮ್ಮೆ ಮಾತ್ರ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಡಿಸೆಂಬರ್ ಕೊನೆಯ ಟಿಕೆಟ್ ಅಕ್ಟೋಬರ್ ಕೊನೆಗೆ ತೆರೆಯುತ್ತದೆ.

ನಾನು ಎಡವಿದ್ದು ಇಲ್ಲಿ

ಜೈಸಲ್ಮೇರ್‌ನ ಜನವರಿ ಮಧ್ಯಾಹ್ನ ಸುಮಾರು 24 ಡಿಗ್ರಿ. ನಮ್ಮೂರಿಗಿಂತ ತಂಪು ಅಲ್ವಾ? ಬೆವರೂ ಬರುವುದಿಲ್ಲ. ಹಾಗಾಗಿ ಒಬ್ಬರಿಗೆ ದಿನಕ್ಕೆ 1 ಲೀಟರ್ ನೀರು, ಒಂದು ಶಾಲು ಸಾಕು ಅಂತ ಬರೆದಿದ್ದೆ. ಎರಡೂ ತಪ್ಪು. ಮತ್ತೆ, ಎರಡಕ್ಕೂ ಕಾರಣ ಒಂದೇ.

ನಾವು ಕರಾವಳಿಯವರು ಬಿಸಿಯನ್ನು ಅಳೆಯುವುದು ಸೆಕೆಯಿಂದ. ‘ಎಂಥ ಸೆಕೆ ಮಾರಾಯ್ರೆ’ ಅಂತ ಹೇಳಿದಾಗ ನಿಜವಾಗಿ ಹೇಳುವುದು ಗಾಳಿಯಲ್ಲಿರುವ ನೀರಿನ ಬಗ್ಗೆ. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ನಮ್ಮ ಗಾಳಿ ಮೊದಲೇ ತೇವ. ಅದು ಬೆವರನ್ನು ಬೇಗ ಎಳೆದುಕೊಳ್ಳುವುದಿಲ್ಲ, ಬೆವರು ಮೈಮೇಲೇ ಉಳಿದು ಅಂಟುತ್ತದೆ. ಮರಳುಗಾಡಿನಲ್ಲಿ ಬೆವರು ಬಂದ ಕೂಡಲೇ ಆರಿ ಹೋಗುತ್ತದೆ. ಚರ್ಮ ಒಣಗಿಯೇ ಇರುತ್ತದೆ. ನೀರು ಹೋಗುತ್ತಿದೆ, ನಮಗೆ ಕಾಣುವುದಿಲ್ಲ ಅಷ್ಟೇ.

ನನಗಿದು ಓದಿ ತಲೆಗೆ ಹೋಗಲಿಲ್ಲ, ಮಾಡಿ ನೋಡಿದೆ. ಒಂದೇ ಅಳತೆಯ ಎರಡು ಕರ್ಚೀಫ್ ಒದ್ದೆ ಮಾಡಿ ಹಿಂಡಿದೆ. ಒಂದನ್ನು ಅಡುಗೆಮನೆಯಲ್ಲಿ, ಕುಚ್ಚಲಕ್ಕಿ ಬೇಯುವ ಪಾತ್ರೆಯಿಂದ ಸ್ವಲ್ಪ ದೂರ ನೇತು ಹಾಕಿದೆ. ಇನ್ನೊಂದನ್ನು ಎಸಿ ಕೋಣೆಯಲ್ಲಿ. ತಂಪು ಕೋಣೆಯದ್ದು ಗರಿಗರಿಯಾಗಿ ಒಣಗಿದಾಗಲೂ ಅಡುಗೆಮನೆಯದ್ದು ತೇವವಾಗಿಯೇ ಇತ್ತು. ಬಿಸಿ ಇದ್ದಲ್ಲಿ ಒಣಗಲಿಲ್ಲ, ತಂಪು ಇದ್ದಲ್ಲಿ ಒಣಗಿತು. ಜೈಸಲ್ಮೇರ್‌ನ ಚಳಿಗಾಲದ ಮಧ್ಯಾಹ್ನ ಅಂದರೆ ಆ ಎಸಿ ಕೋಣೆ, ಜೊತೆಗೆ ಬಿಸಿಲು. ಈಗ ಒಬ್ಬರಿಗೆ 3 ಲೀಟರ್ ಅಂತ ತಿದ್ದಿದ್ದೇನೆ. ಬಾಯಾರಿಕೆಗೆ ಕಾಯದೆ ಆಗಾಗ ಗುಟುಕರಿಸಬೇಕು. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟನ್ನು ಸರಿಯಾಗಿ 1 ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕಲ್ಲ. ಅಜ್ಜಿಗೆ ಹೃದಯದ ಅಥವಾ ಮೂತ್ರಪಿಂಡದ ಔಷಧಿ ಇದ್ದರೆ ನೀರಿನ ಲೆಕ್ಕವನ್ನು ಡಾಕ್ಟರ್ ಹತ್ತಿರವೇ ಕೇಳಬೇಕು.

ಇನ್ನು ಶಾಲಿನ ತಪ್ಪು. ಮಧ್ಯಾಹ್ನ ನಮ್ಮ ಮಲ್ಪೆ ಬೀಚಿನ ಮರಳಿನಲ್ಲಿ ಬರಿಗಾಲು ಇಡಲು ಆಗುವುದಿಲ್ಲ. ಅಲ್ಲೇ ನಾಲ್ಕು ಬೆರಳು ಆಳಕ್ಕೆ ತೋಡಿ, ಕೈಗೆ ತಣ್ಣಗೆ ಹತ್ತುತ್ತದೆ. ಒಣ ಮರಳು ಬಿಸಿಯನ್ನು ಮೇಲಷ್ಟೇ ಇಟ್ಟುಕೊಳ್ಳುತ್ತದೆ, ಕತ್ತಲಾದ ಮೇಲೆ ಬೇಗ ಬಿಟ್ಟುಬಿಡುತ್ತದೆ. ಆದರೂ ಮಲ್ಪೆಯ ರಾತ್ರಿ ಯಾಕೆ ತಣ್ಣಗಾಗುವುದಿಲ್ಲ? ಪಕ್ಕದಲ್ಲಿ ಸಮುದ್ರ, ಮೇಲೆ ನೀರಾವಿಯ ಕಂಬಳಿ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಜೈಸಲ್ಮೇರ್‌ಗೆ ಸುಮಾರು 200. ಆ ಕಂಬಳಿ ಅಲ್ಲಿ ಇಲ್ಲ. ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ. ಜನವರಿ ರಾತ್ರಿ 7–8 ಡಿಗ್ರಿಗೆ ಇಳಿಯುತ್ತದೆ. ನಮ್ಮಲ್ಲೂ ಮೋಡ ಕವಿದ ರಾತ್ರಿ ಸೆಕೆ, ಆಕಾಶ ತಿಳಿಯಾದ ಜನವರಿ ಬೆಳಗ್ಗೆ ಚಳಿ. ಅದೇ ಲೆಕ್ಕ.

ಹಾಗಾಗಿ ದಪ್ಪ ಸ್ವೆಟರ್ ಒಂದರ ಬದಲು ಪದರ ಪದರವಾಗಿ ಹಾಕಿ ತೆಗೆಯುವ ಬಟ್ಟೆ. ಕಿವಿ ಮುಚ್ಚುವ ಟೊಪ್ಪಿ, ಸಾಕ್ಸ್. ಒಂದು ಹತ್ತಿಯ ಬೈರಾಸ್ (ಟವೆಲ್) ಕೂಡ. ಹಗಲು ಕುತ್ತಿಗೆಗೆ, ಗಾಳಿ ಎದ್ದರೆ ಮೂಗು ಬಾಯಿಗೆ.

ಕ್ಯಾಂಪ್ ಮತ್ತು ಒಂಟೆ

ಸಮ್ ದಿಬ್ಬಗಳು ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್. ಕ್ಯಾಂಪು, ಜೀಪು, ಹಾಡು ಕುಣಿತ ಎಲ್ಲ ಅಲ್ಲೇ. ಖುರಿ ಅಷ್ಟು ಗದ್ದಲವಿಲ್ಲದ ಹಳ್ಳಿ. ಅಜ್ಜಿಗಾಗಿ ನಾನು ಖುರಿ ಹಾಕಿದೆ. ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಟೆಂಟಿನಿಂದ ದಿಬ್ಬಕ್ಕೆ ಎಷ್ಟು ದೂರ, ಒಬ್ಬರಿಗೆ ಎಷ್ಟು ಕಂಬಳಿ, ಬೆಳಗ್ಗೆ ಬಿಸಿನೀರು ಉಂಟಾ.

ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ. ಎರಡು ಸಲವೂ ನಾವು ಮುಂದಕ್ಕೆ ವಾಲುತ್ತೇವೆ. ನನ್ನ ನೆನಪಿನ ಸೂತ್ರ: ಏಳಲಿ, ಕೂರಲಿ, ನೀವು ಹಿಂದಕ್ಕೆ ಬಾಗಿ. ಅಜ್ಜಿಗೆ ಒಂಟೆಗಾಡಿ ಸಾಕು.

ಕೊನೆಗೆ ತುಟಿ, ಹಿಮ್ಮಡಿಗೆ ತೆಂಗಿನೆಣ್ಣೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ದರೆ ಅಲ್ಲಿ ಒಂದು ಹನಿಯೂ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿಕೊಳ್ಳಿ, ಬೆರಳಿನಿಂದ ತೆಗೆಯಬಹುದು.